ಪಕ್ಕದ ಸೀಟಿನ ಬ್ರೇಕು

ಜೂನ್ 21

ಬುಗುರಿ,

ಫೋನ್ ಮಾಡಬೇಡ ಎಂದು ನೀನು ಹೇಳಿದ್ದು ಸರಿಯೇ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ. ಮೊನ್ನೆ ಮೊದಲು ಇಟ್ಟವಳು ನೀನೋ ನಾನೋ ಅನ್ನುವುದೂ ತಿಳಿಯಲಿಲ್ಲ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಪೂರ್ತಿ ಓದಲೇಬೇಕು.

ಬಲಗಾಲಿಗೆ ಪಾದದಿಂದ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಎದುರಿಗೊಂದು ಸ್ಟೂಲು, ಸ್ಟೂಲಿನ ಮೇಲೆ ದಿಂಬು, ದಿಂಬಿನ ಮೇಲೆ ಕಾಲು. ಅಡುಗೆಮನೆ ನಿಮ್ಮ ಭಾವನ ಕೈಗೆ ಹೋಗಿದೆ. ಬೇಯಿಸಿದ ಆಲೂಗಡ್ಡೆಗೆ ಒಂದು ಸಲ ಉಪ್ಪು ಹಾಕಿ, ಹಾಕಿದ್ದು ಮರೆತು ಇನ್ನೊಂದು ಸಲ ಹಾಕುತ್ತಾರೆ. ಏನಾದರೂ ಅಂದರೆ "ರುಚಿ ನೋಡ್ತಾ ನೋಡ್ತಾ ಅಭ್ಯಾಸ ಆಗುತ್ತೆ ಬಿಡು" ಅನ್ನುತ್ತಾರೆ. ಇಡೀ ದಿನ ರಸ್ತೆಯಲ್ಲಿ ಇರುತ್ತಿದ್ದವಳು ನಾನು. ಈಗ ಕಾಲು ಸುಟ್ಟ ಬೆಕ್ಕಿನ ಹಾಗೆ ಒದ್ದಾಡುತ್ತೇನೆ, ಒದ್ದಾಡಲೂ ಒಂದೇ ಕಾಲು.

ಈಗ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯಲ್ಲಿ ನೀನು ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ನನ್ನ ಮಂಚದ ಹತ್ತಿರ ನಿಂತು, "ಗಾಳಿ ಅಕ್ಕ. ಅಡ್ಡಗಾಳಿ. ಮಳೆ ಬಂದು ನೆಲ ಬೇರೆ ಮೆತ್ತಗಾಗಿತ್ತು. ಅಷ್ಟೇ," ಅಂದೆ. ಅಂದವಳೇ ಹೊರಟುಹೋದೆ. ಅಷ್ಟೇ ಅಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಇಷ್ಟು ವರ್ಷ ಕಾರು ಕಲಿಸಿದವಳು ನಾನು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂರುತ್ತೇನೆ, ನನ್ನ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ. ಅವರು ತಡಬಡಾಯಿಸಿದರೆ ನಾನು ಒತ್ತುತ್ತೇನೆ. ಯೋಚಿಸಿ ಒತ್ತುವುದಿಲ್ಲ, ಯೋಚಿಸುತ್ತಾ ಕೂತರೆ ಅಷ್ಟರಲ್ಲಿ ಕಾರು ಚರಂಡಿಯಲ್ಲಿರುತ್ತದೆ. ಅವತ್ತು ನಿನ್ನ ವಿಮಾನ ಇಳಿಯುವಾಗ ಒಂದು ಪಕ್ಕಕ್ಕೆ ವಾಲಿತು. ಹುಲ್ಲಿನ ರನ್‌ವೇ ಎದುರಿಗೆ ಇರುವುದು ಬಿಟ್ಟು ಓರೆಯಾಗಿ ಜಾರಿತು. ಒಂದೇ ಚಕ್ರ ನೆಲ ಮುಟ್ಟಿದ್ದು ಗೊತ್ತಾಯಿತು. ನನ್ನ ಬಲಗಾಲು ಮುಂದೆ ಹೋಗಿ ಅಲ್ಲಿದ್ದ ಪೆಡಲನ್ನು ಒತ್ತಿತು. ಆಮೇಲೆ ವಿಮಾನ ಗಿರಕ್ಕನೆ ತಿರುಗಿ, ಮೂಗು ಕೆಸರಿಗೆ ಚುಚ್ಚಿ, ಬಲರೆಕ್ಕೆ ನೆಲಕ್ಕೆ ಊರಿ ನಿಂತಿತು.

ವಿಚಾರಣೆ ನಡೆಯುತ್ತದಂತೆ, ಅದು ಮುಗಿಯುವವರೆಗೆ ನೀನು ಹಾರುವ ಹಾಗಿಲ್ಲವಂತೆ. ನಾನು ಒತ್ತಿದೆ ಎಂದು ಹೇಳಿದರೆ ನಿನ್ನ ಲೈಸೆನ್ಸು ಉಳಿಯುತ್ತದೆ ತಾನೆ? ಮತ್ತೇಕೆ ಹೇಳುತ್ತಿಲ್ಲ? ಉತ್ತರ ಬರೆ. ಭುಜ ಹೇಗಿದೆ ಅದನ್ನೂ ಬರೆ.

ಕುರ್ಚಿಗೆ ಅಂಟಿಕೊಂಡಿರುವ,
ಅಕ್ಕ


ಜೂನ್ 29

ಅಕ್ಕ,

ಭುಜ ಪರವಾಗಿಲ್ಲ. ಪಟ್ಟಿ ಇನ್ನೂ ಇದೆ. ಬರೆಯುವ ಕೈ ಸರಿಯಾಗಿದೆ, ಅದನ್ನು ನೀನೇ ನೋಡುತ್ತಿದ್ದೀಯ.

ಇಲ್ಲಿ ಮಾಡಲು ಏನೂ ಕೆಲಸವಿಲ್ಲ. ವಿಮಾನವನ್ನು ಶೆಡ್ಡಿಗೆ ಎಳೆದು ಟಾರ್ಪಾಲು ಹೊದಿಸಿದ್ದಾರೆ. ನಾನು ಒಯ್ಯುತ್ತಿದ್ದ ರಕ್ತದ ಮಾದರಿಗಳ ಡಬ್ಬಗಳು ಈಗ ವ್ಯಾನಿನಲ್ಲಿ ಹೋಗುತ್ತವೆ. ಬೆಳಿಗ್ಗೆ ಹೊರಟ ವ್ಯಾನು ಗುಡ್ಡ ಸುತ್ತಿಕೊಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸಂಜೆ. ಡಬ್ಬಗಳನ್ನು ವ್ಯಾನಿಗೆ ಏರಿಸುವಾಗ ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ. ಡ್ರೈವರ್ ಒಂದು ದಿನ ನೋಡಿದ, ಎರಡು ದಿನ ನೋಡಿದ, ಮೂರನೆಯ ದಿನ "ಮೇಡಂ, ನೀವು ಹೀಗೆ ನಿಂತ್ರೆ ನಂಗೆ ಎಣಿಕೆ ತಪ್ಪುತ್ತೆ," ಅಂದ. ಈಗ ದೂರ ನಿಂತು ನೋಡುತ್ತೇನೆ.

ಉಳಿದ ಹೊತ್ತು ರನ್‌ವೇ ಉದ್ದಕ್ಕೂ ನಡೆಯುತ್ತೇನೆ. ಚಕ್ರದ ಗುರುತುಗಳು ಹುಲ್ಲಿನಲ್ಲಿ ಹಾಗೇ ಇವೆ. ವಿಚಾರಣೆಯವರು ಬಂದು ಅಳೆಯುವವರೆಗೂ ಯಾರೂ ತುಳಿಯಬಾರದೆಂದು ಮೆಕ್ಯಾನಿಕ್ ಮಾಮ ಸುತ್ತಲೂ ಗೂಟ ನೆಟ್ಟು ಹಗ್ಗ ಕಟ್ಟಿದ್ದಾರೆ. ಹಗ್ಗದ ಈಚೆ ನಿಂತು ನೋಡುತ್ತೇನೆ, ಕ್ವಾರ್ಟರ್ಸಿಗೆ ಬರುತ್ತೇನೆ, ಬಟ್ಟೆ ಮಡಚುತ್ತೇನೆ, ಮಡಚಿದ್ದನ್ನೇ ಬಿಚ್ಚಿ ಇನ್ನೊಮ್ಮೆ ಮಡಚುತ್ತೇನೆ, ಮತ್ತೆ ಹೋಗಿ ನೋಡುತ್ತೇನೆ. ನನಗೆ ಬುಗುರಿ ಎಂದು ಹೆಸರಿಟ್ಟವಳು ನೀನು, ನಿಂತಲ್ಲಿ ನಿಲ್ಲದಿದ್ದರೆ ಬೈಯಬೇಡ.

ನೀನು ಒತ್ತಿಲ್ಲ ಅಕ್ಕ. ಒತ್ತಿದ್ದರೂ ಅದು ನನ್ನ ವಿಮಾನ. ವಿಚಾರಣೆಯವರು ನಿನ್ನ ಹತ್ತಿರ ಬಂದರೆ "ನೆನಪಿಲ್ಲ" ಅನ್ನು. ಮುಗಿಯಿತು.

ಬುಗುರಿ


ಜುಲೈ 6

ಬುಗುರಿ,

"ಒತ್ತಿಲ್ಲ, ಒತ್ತಿದ್ದರೂ" ಎಂದರೆ ಏನರ್ಥ? ಎರಡರಲ್ಲಿ ಒಂದನ್ನು ಹೇಳು. ಮತ್ತೆ, ನೆನಪಿಲ್ಲ ಅನ್ನಬೇಕಂತೆ. ನನ್ನ ಹತ್ತಿರ ಕಾರು ಕಲಿತವರು ಯಾವ ತಿರುವಿನಲ್ಲಿ ಯಾವ ಗೇರಿನಲ್ಲಿ ಒದ್ದಾಡಿದರು ಅನ್ನುವುದೆಲ್ಲ ನನ್ನ ನೆನಪಿನಲ್ಲಿದೆ. ನನ್ನ ಕಾಲು ನಾನೇ ಮುರಿದುಕೊಂಡದ್ದು ನೆನಪಿಲ್ಲ ಅಂದರೆ ಯಾರು ನಂಬುತ್ತಾರೆ?

ನೀನು ಮೊದಲ ಸಲ ಕಾರು ಓಡಿಸಿದ್ದೂ ನೆನಪಿದೆ. ಅಪ್ಪ ತೀರಿಹೋದ ವರ್ಷ. ಆಟದ ಮೈದಾನ, ಸುತ್ತ ಯಾರೂ ಇಲ್ಲ, ಇಡೀ ಮೈದಾನಕ್ಕೆ ಇದ್ದದ್ದೇ ಒಂದು ದೀಪದ ಕಂಬ. ನೀನು ನೆಟ್ಟಗೆ ಆ ಕಂಬದ ಕಡೆಗೇ ಹೊರಟೆ. ನಾನು ಬ್ರೇಕು ಒತ್ತಿದೆ. ನೀನು ಕೆಳಗಿಳಿದು ಬಾಗಿಲು ಬಡಿದು, "ನಾನೇ ನಿಲ್ಲಿಸ್ತಿದ್ದೆ ಕಣೇ, ನೀನ್ಯಾಕೆ ಒತ್ತಿದೆ," ಎಂದು ಅತ್ತೆ. ಹೆದರಿ ಅತ್ತದ್ದಲ್ಲ, ಸಿಟ್ಟಿಗೆ ಅತ್ತದ್ದು. ಮನೆಗೆ ಬರುವವರೆಗೂ ಮುಖ ದಪ್ಪ ಮಾಡಿಕೊಂಡೇ ಇದ್ದೆ. ನನಗೆ ನಗು ಬಂದಿತ್ತು, ನಕ್ಕಿರಲಿಲ್ಲ.

ವಿಚಾರಣೆಯವರಿಂದ ನೋಟೀಸು ಬಂದಿದೆ. ನಾನು ಎಲ್ಲಿಗೂ ಹೋಗಲಾರೆ ಅಂತ ಅವರೇ ಮನೆಗೆ ಬರುತ್ತಾರಂತೆ. ಅದಕ್ಕೆ ಮೊದಲು ಒಂದು ಮಾತು ಕೇಳಬೇಕು. ಮೆಕ್ಯಾನಿಕ್ ಮಾಮ ಆಸ್ಪತ್ರೆಗೆ ಬಂದಿದ್ದಾಗ ಕಿತ್ತಳೆ ಹಣ್ಣು ಸುಲಿದುಕೊಡುತ್ತಾ, "ಕಾಲು ಹಿಂದಿಡಿ ಅಂತ ನಿಮ್ಗೂ ಹೇಳಿರ್ತಾಳಲ್ಲಮ್ಮ? ಪಕ್ಕದಲ್ಲಿ ಯಾರೇ ಕೂತ್ರೂ ಹೇಳ್ತಾಳೆ, ನಂಗೆ ಬಾಯಿಪಾಠ ಆಗೋಗಿದೆ," ಅಂದರು. ನಾನು ಹೂಂ ಅಂದೆ. ಆಮೇಲೆ ಯೋಚಿಸಿದೆ. ನೀನು ಹಾಗೆ ಹೇಳಿದ ನೆನಪು ನನಗಿಲ್ಲ. ಹೇಳಿದ್ದೆಯಾ?

ಅಕ್ಕ


ಜುಲೈ 12

ಅಕ್ಕ,

ಹೇಳಿರಲಿಲ್ಲ.

ಈ ಒಂದು ಮಾತು ಬರೆದು ಪೆನ್ನು ಕೆಳಗಿಟ್ಟು ಹೊರಗೆ ಒಂದು ಸುತ್ತು ನಡೆದು ಬಂದೆ. ಈಗ ಉಳಿದದ್ದು ಬರೆಯುತ್ತೇನೆ.

ನನ್ನ ಪಕ್ಕದ ಸೀಟಿನ ಮುಂದೆಯೂ ಪೆಡಲುಗಳಿವೆ. ಕೆಳಭಾಗ ಒತ್ತಿದರೆ ಬಾಲ ತಿರುಗುತ್ತದೆ, ಮೇಲ್ಭಾಗ ಒತ್ತಿದರೆ ಆ ಪಕ್ಕದ ಚಕ್ರಕ್ಕೆ ಬ್ರೇಕು ಹಿಡಿಯುತ್ತದೆ. ಅದಕ್ಕೇ ಯಾರು ಕೂತರೂ ಎಂಜಿನ್ ಶುರು ಮಾಡುವ ಮೊದಲು ಹೇಳುತ್ತೇನೆ: ಕಾಲು ಹಿಂದಕ್ಕೆ ಎಳೆದುಕೊಳ್ಳಿ, ಪೆಡಲ್ ಮುಟ್ಟಬೇಡಿ, ಏನೇ ಆದರೂ ಮುಟ್ಟಬೇಡಿ. ನಮ್ಮ ಮಾಲೀಕರಿಗೂ ಹೇಳಿದ್ದೇನೆ. ಅದು ನನ್ನ ಕೆಲಸ. ಹೇಳದೆ ಹೊರಡುವುದು ಬೆಲ್ಟು ಕಟ್ಟದೆ ಹೊರಟ ಹಾಗೆ.

ನೀನು ಅಷ್ಟು ವರ್ಷ ಒಲ್ಲೆ ಒಲ್ಲೆ ಎಂದು, ಕೊನೆಗೆ ಅವತ್ತು ಹತ್ತಿ ಕೂತೆ. ಕೂತವಳೇ ನಿನ್ನ ಬೆಲ್ಟು ಹಾಕಿಕೊಂಡು, ಈ ಕಡೆ ಬಗ್ಗಿ ನನ್ನ ಬೆಲ್ಟನ್ನು ಎಳೆದು ನೋಡಿದೆ. ಕಾರು ಕಲಿಯಲು ಬಂದವರ ಬೆಲ್ಟನ್ನು ಎಳೆದು ನೋಡುತ್ತೀಯಲ್ಲ, ಹಾಗೆ. ನನಗೆ ಖುಷಿಯೇ ಆಯಿತು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಕ್ಕನಿಗೆ ಕಾಲು ಎಲ್ಲಿಡಬೇಕೆಂದು ನಾನು ಹೇಳುವುದೇ ಅನ್ನಿಸಿತು. ನುಂಗಿಕೊಂಡೆ.

ಇಳಿಯುವಾಗ ಗಾಳಿ ಎಡಗಡೆಯಿಂದ ಬರುತ್ತಿತ್ತು. ಅಂಥ ಗಾಳಿಯಲ್ಲಿ ಎಡರೆಕ್ಕೆಯನ್ನು ತಗ್ಗಿಸಿ, ಒಂದೇ ಚಕ್ರದ ಮೇಲೆ ಮೊದಲು ಇಳಿಯಬೇಕು. ನೆಲ ಮೆತ್ತಗಿದ್ದರೆ ಮೂಗನ್ನು ಆದಷ್ಟು ಹೊತ್ತು ಮೇಲೆ ಹಿಡಿಯಬೇಕು, ಬ್ರೇಕಿನ ಹತ್ತಿರ ಸುಳಿಯಬಾರದು. ನಿನಗೆ ವಾಲಿದಂತೆ ಕಂಡದ್ದು ನಾನು ಬೇಕೆಂದೇ ವಾಲಿಸಿದ್ದು. ಅದನ್ನಾದರೂ ಮೊದಲೇ ಹೇಳಬಹುದಿತ್ತು. ಬಲಗಡೆ ಪೆಡಲು ನನ್ನ ಕಾಲ ಕೆಳಗಿಂದ ತಾನಾಗಿ ಇಳಿದದ್ದು ಗೊತ್ತಾಯಿತು. ಬಲಚಕ್ರ ಕೆಸರಲ್ಲಿ ಕಚ್ಚಿಕೊಂಡಿತು. ಆಮೇಲಿನದು ನಿನಗೆ ಗೊತ್ತು.

ಒತ್ತಿದ್ದು ನೀನು. ನೀನು ಒತ್ತುವ ಹಾಗೆ ಬಿಟ್ಟವಳು ನಾನು. ವಿಚಾರಣೆಯಲ್ಲಿ ನೋಡುವುದು ಎರಡನೆಯದನ್ನು. ನೀನು ಒತ್ತಿದೆ ಅಂದರೂ ನನ್ನ ಲೈಸೆನ್ಸು ಉಳಿಯುವುದಿಲ್ಲ, ತಪ್ಪು ನಿನ್ನ ತಲೆಗೂ ಬರುತ್ತದೆ ಅಷ್ಟೇ. ಅದಕ್ಕೇ ನೆನಪಿಲ್ಲ ಅನ್ನು ಅಂದದ್ದು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಬುಗುರಿ


ಜುಲೈ 24

ಬುಗುರಿ,

ಮುಗಿಸಿದೆ. ನೀನಿನ್ನು ನಿಶ್ಚಿಂತೆಯಿಂದ ಇರು.

ವಿಚಾರಣೆಯ ಅಧಿಕಾರಿ ನಿನ್ನೆ ಬಂದಿದ್ದರು. ಕಡ್ಡಿಯಂಥ ಮನುಷ್ಯ, ಜೊತೆಗೆ ನೆಗಡಿ. ಪ್ರಶ್ನೆಗೊಂದು ಸೀನು. ನನ್ನ ಪ್ಲಾಸ್ಟರನ್ನು ನೋಡಿ ಮೊದಲನೆಯ ಮಾತೇ, "ಕಾಲು ಪೆಡಲ್ ಮೇಲೆ ಇದ್ದಾಗ ಮುರಿದಿದ್ದು, ಅಲ್ವಾ?" ಅಂದರು. ನೆನಪಿಲ್ಲ ಅನ್ನಲು ಅವರು ಜಾಗವನ್ನೇ ಬಿಡಲಿಲ್ಲ. ಹೌದು ಅಂದೆ.

"ಹೊರಡೋ ಮೊದ್ಲು ಪೈಲಟ್ ನಿಮ್ಗೆ ಪೆಡಲ್ ವಿಷಯ ಏನಾದ್ರೂ ಹೇಳಿದ್ರಾ?"

"ಹೇಳಿದ್ಲು."

"ಏನಂತ?"

"ಕಾಲು ಹಿಂದಿಡು, ಪೆಡಲ್ ಮುಟ್ಬೇಡ, ಏನೇ ಆದ್ರೂ ಮುಟ್ಬೇಡ ಅಂತ. ನಾನೇ ಕೇಳ್ಲಿಲ್ಲ. ಹುಟ್ಟಿದಾಗಿಂದ ಅವಳ ಮಾತು ಕೇಳಿದವಳಲ್ಲ ನಾನು."

ಅಡುಗೆಮನೆಯಲ್ಲಿ ಚಮಚ ಬಿದ್ದ ಸದ್ದಾಯಿತು. ನಿನ್ನ ಕಾಗದವನ್ನು ನಿಮ್ಮ ಭಾವನೂ ಓದಿದ್ದರಲ್ಲ. ಅಧಿಕಾರಿ ಆ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು, ಸೀನಿದರು, ಬರೆದುಕೊಂಡರು. ಬಿಸಿನೀರು ಕುಡಿದು ಹೋದರು.

ಅವರು ಹೋದ ಮೇಲೆ ನಿಮ್ಮ ಭಾವ ಬಾಗಿಲಲ್ಲಿ ನಿಂತು, "ಸುಳ್ಳು ಹೇಳೋದ್ರಲ್ಲೂ ನೀನು ಮೇಷ್ಟ್ರೇ," ಅಂದರು. ನನಗೇನೂ ಅನ್ನಿಸಲಿಲ್ಲ. ನಾನು ಲೈಸೆನ್ಸು ಕಳೆದುಕೊಳ್ಳುವುದೇನಿದೆ? ಪ್ಯಾಸೆಂಜರು ಮಾತು ಕೇಳಲಿಲ್ಲ ಎಂದರೆ ಪ್ಯಾಸೆಂಜರನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ನೀನು ಹಾರುತ್ತೀಯ, ಡಬ್ಬಗಳು ಹೊತ್ತಿಗೆ ಸರಿಯಾಗಿ ಮುಟ್ಟುತ್ತವೆ, ಆ ವ್ಯಾನಿನವನಿಗೂ ನೆಮ್ಮದಿ. ನಿನ್ನನ್ನೂ ಕೇಳಿದರೆ ಇದನ್ನೇ ಹೇಳು. ತಲೆಹರಟೆ ಮಾಡಬೇಡ.

ಅಕ್ಕ


ಜುಲೈ 30

ಅಕ್ಕ,

ಅವರು ನಿನ್ನ ಮನೆಗೆ ಬರುವ ಹಿಂದಿನ ದಿನವೇ ನನ್ನ ಹೇಳಿಕೆ ತೆಗೆದುಕೊಂಡಿದ್ದರು. ಹೇಳಲಿಲ್ಲ ಎಂದು ನಾನು ಹೇಳಿಯಾಗಿತ್ತು. ಅದು ಗೊತ್ತಿದ್ದೂ ನಿನ್ನ ಎದುರು ಕೂತು ನೀನು ಹೇಳಿದ್ದನ್ನು ಬರೆದುಕೊಂಡರು.

ಮೊನ್ನೆ ಮತ್ತೆ ನನ್ನನ್ನು ಕರೆದಿದ್ದರು. ಎರಡು ಹೇಳಿಕೆಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, "ಈ ಕೆಲಸಕ್ಕೆ ಬಂದಾಗಿಂದ ನೋಡ್ತಿದ್ದೀನಿ, ಎಲ್ರೂ ತಪ್ಪನ್ನ ಆ ಕಡೆ ತಳ್ಳೋರೇ. ಒಂದೇ ತಪ್ಪಿಗೆ ಇಬ್ರು ಕಿತ್ತಾಡೋದು ಇದೇ ಮೊದ್ಲು," ಅಂದರು. ಅವರು ನಕ್ಕರು. ನಾನು ನಗಲಿಲ್ಲ. "ಪೆಟ್ಟು ಬಿದ್ದ ಗಾಬರಿಗೆ ನಿಮ್ಮಕ್ಕನಿಗೆ ನೆನಪು ಸರಿಯಾಗಿಲ್ಲ ಅಂತ ಬರ್ಕೋತೀನಿ. ಇಲ್ದಿದ್ರೆ ಅವ್ರ ಮೇಲೆ ಸುಳ್ಳು ಹೇಳಿಕೆ ಅಂತ ಆಗುತ್ತೆ," ಎಂದೂ ಹೇಳಿದರು. ನಿನ್ನ ನೆನಪಿನ ಬಗ್ಗೆ ಈಗ ಸರ್ಕಾರಿ ಕಾಗದದಲ್ಲಿ ಹಾಗೆ ದಾಖಲಾಗಿದೆ. ಮಾಡಿದ್ದುಣ್ಣೋ ಮಹರಾಯ.

ಚಳಿಗಾಲದವರೆಗೆ ನನ್ನ ಲೈಸೆನ್ಸು ಅಮಾನತು. ಆಮೇಲೆ ಪರೀಕ್ಷೆ. ಇದೇ ರನ್‌ವೇ ಮೇಲೆ, ಅಡ್ಡಗಾಳಿ ಇರುವ ದಿನ ನೋಡಿಯೇ ಪರೀಕ್ಷೆ. ಪಾಸಾದರೆ ಹಾರುತ್ತೇನೆ, ಇಲ್ಲವಾದರೆ ಆ ವ್ಯಾನು ಓಡಿಸುತ್ತೇನೆ. ನೀನು ಕಲಿಸಿದ್ದೀಯಲ್ಲ.

ನನಗೆ ನಿನ್ನ ಮೇಲೆ ತುಂಬಾ ಸಿಟ್ಟು ಬಂದಿದೆ. ವಿಮಾನದಲ್ಲಿ ಒತ್ತಿದ್ದಕ್ಕೆ ಅಲ್ಲ, ಅದು ಕಾಲಿನ ಅಭ್ಯಾಸ. ಅಧಿಕಾರಿಯ ಎದುರು ಮಾತ್ರ ನೀನು ಯೋಚಿಸಿಯೇ ಒತ್ತಿದೆ. ಬೇಡ ಎಂದು ಬರೆದಿದ್ದೆ. ಆದರೂ ಒತ್ತಿದೆ. ಅವತ್ತು ಮೈದಾನದಲ್ಲಿ ಕಂಬಕ್ಕೆ ಗುದ್ದುವ ಮೊದಲು ನಾನು ನಿಲ್ಲಿಸುತ್ತಿದ್ದೆನೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಈ ಸಲವೂ ಆ ಗಾಳಿಯ ಹೊಡೆತವನ್ನು ನಾನು ತಡೆದುಕೊಂಡು ಇಳಿಸುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಹಗ್ಗದ ಈಚೆ ನಿಂತು ದಿನವೂ ಅದನ್ನೇ ಕೇಳಿಕೊಳ್ಳುತ್ತೇನೆ. ನನಗೆ ಊಟ ಸೇರುತ್ತಿಲ್ಲ, ಕೂತರೆ ಕೂರಲಾಗುತ್ತಿಲ್ಲ. ಅದು ನಿನಗೆ ಅರ್ಥವಾಗುವುದಿಲ್ಲ. ನಿನಗೆ ಕಾರು ನಿಂತರೆ ಸಾಕು.

ಸ್ವಲ್ಪ ದಿನ ಬರೆಯಬೇಡ.

ಬುಗುರಿ


ಅಕ್ಟೋಬರ್ 9

ಚಿ. ಬುಗುರಿಗೆ ಭಾವನ ಆಶೀರ್ವಾದಗಳು.

ನಾನು ಬರೆಯುತ್ತಿರುವುದು ನಿಮ್ಮಕ್ಕನಿಗೆ ಗೊತ್ತಿಲ್ಲ. ಗೊತ್ತಾದರೆ ನನಗೆ ಉಳಿಗಾಲವಿಲ್ಲ. ನೀನು ಬರೆಯಬೇಡ ಅಂದೆಯಂತೆ, ಅವಳು ಬರೆಯುವುದಿಲ್ಲ ಅಂದಳಂತೆ. ಒಬ್ಬರ ಮಾತನ್ನು ಒಬ್ಬರು ಇಷ್ಟು ಚೆನ್ನಾಗಿ ಕೇಳಿದ್ದನ್ನು ನಾನು ಮದುವೆಯಾದಾಗಿನಿಂದ ನೋಡಿಲ್ಲ.

ಪ್ಲಾಸ್ಟರ್ ಬಿಚ್ಚಿ ಬಹಳ ದಿನವಾಯಿತು. ನಡೆಯುತ್ತಾಳೆ, ಮೆಟ್ಟಿಲು ಇಳಿಯುವಾಗ ಮಾತ್ರ ಗೋಡೆ ಹಿಡಿಯುತ್ತಾಳೆ. ಕಳೆದ ತಿಂಗಳಿಂದ ಕೆಲಸಕ್ಕೂ ಹೋಗುತ್ತಿದ್ದಳು. ಹೋದ ವಾರ ನಮ್ಮ ಬೀದಿಯ ಹಲ್ಲಿನ ಡಾಕ್ಟರಿಗೆ ಪಾಠವಿತ್ತು. ಐವತ್ತು ದಾಟಿದ ಹೆಂಗಸು, ಹಲ್ಲು ಕೀಳುವಾಗ ಕೈ ನಡುಗುವುದಿಲ್ಲ, ಸ್ಟೀರಿಂಗ್ ಹಿಡಿದರೆ ನಡುಗುತ್ತದೆ. ಪಾರ್ಕಿನ ಮುಂದೆ ಬ್ರೇಕು ಅಂದುಕೊಂಡು ಆಕ್ಸಿಲರೇಟರ್ ತುಳಿದುಬಿಟ್ಟರು. ಪಕ್ಕದಲ್ಲಿ ಕೂತ ನಿಮ್ಮಕ್ಕ ಒತ್ತಲಿಲ್ಲ. ಕಾಲು ಮೇಲೇಳಲೇ ಇಲ್ಲವಂತೆ. ಕಾರು ಪಾರ್ಕಿನ ಗೇಟಿಗೆ ಗುದ್ದಿತು. ಯಾರಿಗೂ ಏನೂ ಆಗಲಿಲ್ಲ, ಗೇಟಿನ ಸರಳು ಬಗ್ಗಿದೆ, ದೀಪ ಒಡೆದಿದೆ. ಡಾಕ್ಟರೇ ನಿಮ್ಮಕ್ಕನಿಗೆ ನೀರು ಕುಡಿಸಿ ಮನೆಗೆ ಕರೆತಂದರು.

ಅವತ್ತಿನಿಂದ ಅವಳು ಕಾರಿನಲ್ಲಿ ಕೂತಿಲ್ಲ. ಆಫೀಸಿನಲ್ಲಿ ಕೂತು ಫೋನ್ ಎತ್ತುತ್ತಾಳೆ, ಪಾಠಕ್ಕೆ ಬೇರೆಯವರನ್ನು ಕಳಿಸುತ್ತಾಳೆ. ಮನೆಯಲ್ಲಿ ನನ್ನ ಅಡುಗೆಯನ್ನೂ ಬೈಯುತ್ತಿಲ್ಲ. ನನಗೆ ದಿಗಿಲಾಗಿರುವುದು ಅದಕ್ಕೇ. ನಿನ್ನೆ ಉಪ್ಪೇ ಹಾಕದೆ ಬಡಿಸಿದೆ, ಸುಮ್ಮನೆ ಉಂಡು ಎದ್ದಳು.

ಏನಾದರೂ ಮಾಡು ಎಂದು ಹೇಳುವುದಿಲ್ಲ. ತಿಳಿಸಬೇಕು ಅನ್ನಿಸಿತು.

ಇಂತಿ,
ನಿನ್ನ ಭಾವ


ಅಕ್ಟೋಬರ್ 15

ಅಕ್ಕ,

ಭಾವ ಬರೆದಿದ್ದಾರೆ. ಅವರನ್ನು ಬೈಯಬೇಡ. ಬೈದರೂ ಪರವಾಗಿಲ್ಲ, ಅವರಿಗೆ ಅದೇ ಬೇಕಾಗಿರುವ ಹಾಗಿದೆ.

ನಿನ್ನ ಕಾರಿನಲ್ಲಿ ಆ ಎರಡನೇ ಬ್ರೇಕು ಇರುವುದು ನಿನಗಾಗಿ. ಅಲ್ಲಿ ನೀನು ಒತ್ತಲೇಬೇಕು. ನನ್ನ ವಿಮಾನದಲ್ಲಿ ಇರುವುದು ನಿನಗಾಗಿ ಅಲ್ಲ, ಅಲ್ಲಿ ಒತ್ತಬಾರದು. ಕಾಲಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಯಾರಾದರೂ ಹೇಳಬೇಕು. ಅವತ್ತು ಹೇಳಬೇಕಾಗಿದ್ದವಳು ನಾನು. ನಾನು ಹೇಳದೆ ಉಳಿದದ್ದಕ್ಕೆ ಪಾಪ ಆ ಡಾಕ್ಟರು ಗೇಟಿಗೆ ಗುದ್ದುವುದು ಯಾವ ನ್ಯಾಯ?

ಇನ್ನೊಂದು ವಿಷಯ. ಬೇರೆ ಯಾರಿಗೂ ಹೇಳಿಲ್ಲ. ವಿಮಾನ ರಿಪೇರಿಯಾಗಿದೆ, ಮಳೆ ಈ ಸಲ ಬಿಡುತ್ತಿಲ್ಲ, ಗಾಳಿಯೂ ಇದೆ ಎಂದು ಪರೀಕ್ಷಕರು ಮೊದಲೇ ಬರಲು ಒಪ್ಪಿದ್ದರು. ಒಂದಲ್ಲ ಎರಡು ಸಲ ದಿನ ಕೊಟ್ಟರು. ಎರಡು ಸಲವೂ ಭುಜ ನೋವು ಎಂದು ಬರೆದು ತಪ್ಪಿಸಿಕೊಂಡೆ. ಬೆಳಿಗ್ಗೆ ಎದ್ದ ಕೂಡಲೇ ರನ್‌ವೇ ಪಕ್ಕದ ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲವನ್ನು ನೋಡುತ್ತೇನೆ. ಅದು ಅಡ್ಡಕ್ಕೆ ನೆಟ್ಟಗಾಗಿದ್ದರೆ ಬಾಗಿಲು ಹಾಕಿಕೊಂಡು ಒಳಗೆ ಹೋಗುತ್ತೇನೆ. ಜೋತುಬಿದ್ದಿದ್ದರೆ ಸಮಾಧಾನವಾಗುತ್ತದೆ. ಸಮಾಧಾನವಾಯಿತಲ್ಲ ಎಂದು ಆಮೇಲೆ ನಾಚಿಕೆಯಾಗುತ್ತದೆ.

ಬುಗುರಿ


ನವೆಂಬರ್ 2

ಬುಗುರಿ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಹೆಗಲಿಗೆ ಏನೂ ಆಗಿಲ್ಲ. ಹೋಗಿ ಪರೀಕ್ಷೆ ಕೊಡು.

ನಾಳೆ ನಾನೂ ಡಾಕ್ಟರ ಪಕ್ಕದಲ್ಲಿ ಕೂರುತ್ತೇನೆ. ಬರುತ್ತೇನೆಂದು ಹೇಳಿ ಕಳಿಸಿದ್ದೇನೆ, ಇನ್ನು ಹಿಂದೆ ಸರಿಯುವ ಹಾಗಿಲ್ಲ.

ಅಕ್ಕ


ಡಿಸೆಂಬರ್ 11

ಅಕ್ಕ,

ಪರೀಕ್ಷೆ ಆಯಿತು. ಫಲಿತಾಂಶ ಕೊನೆಯಲ್ಲಿ ಬರೆಯುತ್ತೇನೆ, ಹಾಳೆ ತಿರುಗಿಸಿ ನೋಡಬೇಡ.

ಎರಡು ದಿನ ಮಳೆ ಹಿಡಿದಿತ್ತು. ರನ್‌ವೇ ಮೇಲೆ ಮೆಕ್ಯಾನಿಕ್ ಮಾಮ ಹಿಮ್ಮಡಿ ಊರಿದರೆ ನೀರು ಜಿನುಗುತ್ತಿತ್ತು. ಗಾಳಿಚೀಲ ಎಡದಿಂದ ಬಲಕ್ಕೆ ನೆಟ್ಟಗೆ ನಿಂತಿತ್ತು. ಮಾಮ ನನ್ನ ಮುಖ ನೋಡಿ, "ಬೇಡ ಅಂದ್ರೆ ಈಗ್ಲೂ ಬೇಡ ಅನ್ಬಹುದು," ಅಂದರು. ಬೇಡ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪರೀಕ್ಷಕರು ಪಕ್ಕದ ಸೀಟಿನಲ್ಲಿ ಹತ್ತಿ ಕೂತಾಗಿತ್ತು. ತಲೆ ಪೂರ್ತಿ ನೆರೆತಿದೆ. ನಾನು ಹುಟ್ಟುವ ಮೊದಲಿಂದ ಹಾರುತ್ತಿದ್ದಾರೆ.

ಬೆಲ್ಟು ಕಟ್ಟಿಕೊಂಡೆ. ಅವರ ಕಡೆ ತಿರುಗಿದೆ. "ಸರ್, ಕಾಲು ಹಿಂದಕ್ಕೆ ಎಳ್ಕೊಳ್ಳಿ. ಪೆಡಲ್ ಮುಟ್ಬೇಡಿ. ಏನೇ ಆದ್ರೂ ಮುಟ್ಬೇಡಿ," ಅಂದೆ. ಧ್ವನಿ ಜೋರಾಗಿಯೇ ಬಂತು. ಅವರು ಒಂದು ಕ್ಷಣ ನನ್ನನ್ನು ನೋಡಿ, ಶಾಲೆಯ ಹುಡುಗನ ಹಾಗೆ ಎರಡೂ ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡರು. ಹೇಳಿದರೆ ಇಷ್ಟೇ ಇತ್ತು ಅಕ್ಕ.

ಇಳಿಯುವಾಗ ಎಡರೆಕ್ಕೆ ತಗ್ಗಿಸಿದೆ. ಎಡಚಕ್ರ ಮೊದಲು ಮುಟ್ಟಿತು. ಮೂಗು ಮೇಲೇ ಇತ್ತು. ಆಗ ಗಾಳಿ ಬೀಸಿತು. ಅವತ್ತು ಬೀಸಿದ್ದಂಥದ್ದೇ, ಹೆಚ್ಚುಕಡಿಮೆ ಅದೇ ಜಾಗದಲ್ಲಿ. ವಿಮಾನ ಪಕ್ಕಕ್ಕೆ ಜಾರಿತು. ನನ್ನ ಕಣ್ಣು ಪಕ್ಕದ ಸೀಟಿನ ಕೆಳಗೆ ಹೋಯಿತು, ಅವರ ಬೂಟು ನೋಡಲು. ನೋಡಬಾರದಿತ್ತು, ನೋಡಿದೆ. ಬೂಟು ಅಲ್ಲಾಡಲಿಲ್ಲ. ರೆಕ್ಕೆಯನ್ನು ಇನ್ನಷ್ಟು ತಗ್ಗಿಸಿ, ಬಲಗಾಲಿನಿಂದ ಪೆಡಲಿನ ಕೆಳಭಾಗ ಒತ್ತಿ ಮೂಗನ್ನು ನೇರ ಹಿಡಿದೆ. ಬ್ರೇಕು ಮುಟ್ಟಲಿಲ್ಲ. ಜಾರುವುದು ನಿಂತಿತು. ಬಲಚಕ್ರ ಇಳಿಯಿತು. ಮೂಗನ್ನು ಹಿಡಿದೇ ಹಿಡಿದೆ, ಕೊನೆಗೆ ಅದೂ ತಾನಾಗಿ ಇಳಿಯಿತು. ಕೆಸರೇ ವಿಮಾನವನ್ನು ನಿಧಾನವಾಗಿ ನಿಲ್ಲಿಸಿತು.

ಪರೀಕ್ಷಕರು "ಕಾಲು ಈಗ ಮುಂದೆ ಚಾಚಬಹುದಾ, ಮರಗಟ್ಟಿದೆ," ಅಂದರು. ಪಾಸು.

ಶೆಡ್ಡಿನ ಹಿಂದೆ ಹೋಗಿ ಚೆನ್ನಾಗಿ ಅತ್ತೆ. ನಾನೇ ನಿಲ್ಲಿಸುತ್ತಿದ್ದೆ ಅಕ್ಕ. ಮೈದಾನದ ಕಂಬದ ವಿಷಯ ಇವತ್ತಿಗೂ ಗೊತ್ತಿಲ್ಲ, ಅಲ್ಲಿ ಗುದ್ದಿಯೇ ಬಿಡುತ್ತಿದ್ದೆನೇನೋ. ಅವತ್ತು ವಿಮಾನವನ್ನು ಮಾತ್ರ ನಿಲ್ಲಿಸುತ್ತಿದ್ದೆ. ಈಗ ಗೊತ್ತಾಯಿತು.

ಮುಂದಿನ ತಿಂಗಳಿಂದ ಡಬ್ಬಗಳು ಮತ್ತೆ ನನ್ನ ಜೊತೆ ಬರುತ್ತವೆ. ಪಕ್ಕದ ಸೀಟು ಖಾಲಿ ಇರುತ್ತದೆ. ನೀನು ಬಂದು ಕೂರಬೇಕು. ಕೂತ ಮೇಲೆ ನಾನು ಹೇಳುವುದನ್ನು ಹೇಳುತ್ತೇನೆ, ಮಾಮನ ಎದುರಿಗೇ ಹೇಳುತ್ತೇನೆ. "ಗೊತ್ತು ಬಿಡೇ" ಅಂದರೆ ಎಂಜಿನ್ ಶುರು ಮಾಡುವುದಿಲ್ಲ. ಬರುತ್ತೀಯಾ?

ನಿನ್ನ,
ಬುಗುರಿ


ಡಿಸೆಂಬರ್ 19

ಬುಗುರಿ,

ಹಾಳೆ ತಿರುಗಿಸಿ ಮೊದಲು ಕೊನೆಯನ್ನೇ ಓದಿದೆ. ಆಮೇಲೆ ನಿಮ್ಮ ಭಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ನೀನು ಅತ್ತ ಜಾಗ ಬಂದಾಗ ಅವರು ಈರುಳ್ಳಿ ಹೆಚ್ಚಲು ಎದ್ದುಹೋದರು.

ಡಾಕ್ಟರು ಕಲಿಯುತ್ತಿದ್ದಾರೆ. ಮೊನ್ನೆ ಅದೇ ಪಾರ್ಕಿನ ಮುಂದೆ ನಾನು ಹೊತ್ತಿಗೆ ಸರಿಯಾಗಿ ಒತ್ತಿದೆ. ಅವರು "ಥ್ಯಾಂಕ್ಸ್" ಅಂದರು, ನಾನು ಮತ್ತೆ ಗೇರು ಹಾಕಿಸಿ ಹೊರಡಿಸಿದೆ. ಇನ್ನೊಂದು ತಿರುವಿನಲ್ಲಿ ಒತ್ತಬೇಕು ಅನ್ನಿಸಿತು, ತಡೆದೆ, ಅವರೇ ನಿಲ್ಲಿಸಿದರು. ನಿಲ್ಲಿಸಿ ಎಷ್ಟು ಖುಷಿಪಟ್ಟರು ಅಂದರೆ, ಅದನ್ನು ನೋಡಿ ನನಗೆ ಮೈದಾನದಲ್ಲಿ ಬಾಗಿಲು ಬಡಿದ ನಿನ್ನ ನೆನಪಾಯಿತು. ನಿನಗೆ ಈ ಖುಷಿ ಸಿಗದ ಹಾಗೆ ಎಷ್ಟು ಸಲ ಮಾಡಿದೆನೋ ಎಂದು ಲೆಕ್ಕ ಹಾಕುತ್ತಾ ಮನೆಗೆ ಬಂದೆ.

ಬರುತ್ತೇನೆ. ಅದಕ್ಕೆ ಮೊದಲು ಒಂದು ಮಾತು. ಇಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಕುರ್ಚಿಯಲ್ಲಿ ಕೂತು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತೇನೆ, ನಿಮ್ಮ ಭಾವ ಹಿಂದಿನಿಂದ ಕುರ್ಚಿ ಹಿಡಿದು ಬಾಯಲ್ಲಿ ಎಂಜಿನ್ ಸದ್ದು ಮಾಡುತ್ತಾರೆ. ಎದುರು ಮನೆಯವರು ನಮ್ಮ ಬಗ್ಗೆ ಏನಂದುಕೊಂಡಿದ್ದಾರೋ. ನಿನ್ನೆ ಹೇಳದೆ ಕೇಳದೆ ಕುರ್ಚಿಯನ್ನು ಒಂದು ಪಕ್ಕಕ್ಕೆ ವಾಲಿಸಿಬಿಟ್ಟರು. ಕಾಲು ಮುಂದೆ ಹೋಯಿತು. ಹೋಗೇ ಹೋಯಿತು ಕಣೇ. ನನ್ನ ಮಾತು ನಾನು ಕೊಡಬಲ್ಲೆ, ಕಾಲಿನ ಮಾತು ಕೊಡಲಾರೆ.

ಆದ್ದರಿಂದ ಹೊರಡುವಾಗ ಒಂದು ಸಲ ಹೇಳಿದರೆ ಸಾಲದು. ಇಳಿಯಲು ಶುರುವಾದಾಗ ಹೇಳು. ಗಾಳಿ ಬಂದಾಗ ಹೇಳು. ವಾಲಿಸುವ ಮೊದಲು, ವಾಲಿಸ್ತೀನಿ ಅನ್ನು. ಕಲಿಯಲು ಬಂದವರಿಗೆ ನಾನು ಹೇಳುವ ಹಾಗೆ ಗದರಿಸಿ ಹೇಳು. ಹೇಳುವಾಗ ಅಕ್ಕ ಎಂದು ಮಾತ್ರ ಕರೆಯಬೇಡ. ಅಕ್ಕ ಅಂದರೆ ಕಾಲು ಮುಂದೆ ಬರುತ್ತದೆ. ಇಳಿದು ನಿಂತ ಮೇಲೆ ಎಷ್ಟು ಸಲ ಬೇಕಾದರೂ ಅನ್ನು.

ನಿನ್ನ ಬೆಲ್ಟನ್ನು ಮಾತ್ರ ನಾನು ಎಳೆದು ನೋಡಿಯೇ ನೋಡುತ್ತೇನೆ. ಅಷ್ಟನ್ನು ನೀನು ತಡೆದುಕೊಳ್ಳಬೇಕು.

ಇಂತಿ,
ನಿನ್ನ ಪಕ್ಕದ ಸೀಟಿನವಳು